ಸಿಫ್ರಂಟ್ ಎಂಬ ಭಾಷಾಂತರಕಾರ

ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಹವ್ಯಾಸಗಳಲ್ಲಿ ಗಣಕಯಂತ್ರದ ಇತಿಹಾಸವನ್ನು ಓದುವುದೂ ಒಂದು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನಿಗೆ ಗಣಕ ಭಾಷೆಗಳ ವ್ಯಾಕರಣ ಅಷ್ಟೇನೂ ಅಪರಿಚಿತವೆನಿಸದು. ಆದರೂ ಒಂದು ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತ್ತು. ಇಂದಿನ ಭಾಷೆಗಳು ವಸ್ತು, ವರ್ಗ, ವಂಶ ಎಂದು ಮಾತನಾಡುತ್ತವೆ. ಯಂತ್ರಕ್ಕಾದರೋ ಅಂಕಿಗಳೂ ವಿಳಾಸಗಳೂ ಬಿಟ್ಟು ಬೇರೇನೂ ತಿಳಿಯದು. ನಡುವಿನ ಕಂದರವನ್ನು ದಾಟಿಸುವವರು ಯಾರು?

ವಸ್ತುಕೇಂದ್ರಿತ ಭಾಷೆಗಳ ಮೂಲಸ್ಥಾನ ನಾರ್ವೆ. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯುಗೋರ್ ಎಂಬಿಬ್ಬರು 'ಸಿಮುಲಾ 67' ಎಂಬ ಭಾಷೆಯನ್ನು ರೂಪಿಸಿದರು. ಮುಂದೆ ಡೆನ್ಮಾರ್ಕಿನ ಬ್ಯಾರ್ನ್ ಸ್ಟ್ರೌಸ್ಟ್ರಪ್ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಸಂಶೋಧನೆಗಾಗಿ ಅದನ್ನು ಬಳಸಿದರು. ಆಲೋಚಿಸಲು ಅದು ಅತ್ಯುತ್ತಮ ಭಾಷೆ. ಓಡಿಸಲು ಮಾತ್ರ ದುಬಾರಿ. ಅವರ ಕಾರ್ಯಕ್ರಮದ ಶೇಕಡಾ 80ಕ್ಕೂ ಹೆಚ್ಚು ಸಮಯ ಸ್ಮೃತಿಯ ಕಸ ಗುಡಿಸುವುದಕ್ಕೇ ವ್ಯಯವಾಗುತ್ತಿತ್ತು, ಅದೂ ಗುಡಿಸಲು ಕಸವೇ ಇಲ್ಲದಿದ್ದಾಗ! ಕೊನೆಗೆ ಬಿಸಿಪಿಎಲ್ ಎಂಬ ಕೆಳಮಟ್ಟದ ಭಾಷೆಯಲ್ಲಿ ಎಲ್ಲವನ್ನೂ ಹೊಸದಾಗಿ ಬರೆದರು. ವೇಗವೇನೋ ದಕ್ಕಿತು, ಬರೆಯುವವನ ಬವಣೆ ಹೇಳತೀರದಾಯಿತು. ಸ್ಪಷ್ಟವಾಗಿ ಆಲೋಚಿಸುವುದಕ್ಕೆ ಯಂತ್ರದ ಸಮಯವನ್ನು ದಂಡವಾಗಿ ತೆರಲೇಬೇಕೆ? ಅವರ ಮುಂದಿನ ದುಡಿಮೆಯೆಲ್ಲ ಈ ಪ್ರಶ್ನೆಗೆ ಉತ್ತರ.

1979ರಲ್ಲಿ ಅವರು ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿ, ಸಿ ಭಾಷೆಗೆ ವರ್ಗಗಳನ್ನು ಜೋಡಿಸಿದರು. ಅದೇ ಬೆಳೆದು 1983ರಲ್ಲಿ 'ಸಿ ಪ್ಲಸ್ ಪ್ಲಸ್' ಎಂಬ ಹೆಸರು ಪಡೆಯಿತು. ಅದರ ಅನುವಾದಕವೇ ಸಿಫ್ರಂಟ್. 1985ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂತು. ಅದು ಯಂತ್ರಭಾಷೆಯನ್ನು ಬರೆಯುತ್ತಿರಲಿಲ್ಲ. ಸರಳವಾದ ಸಿ ಭಾಷೆಯನ್ನು ಬರೆಯುತ್ತಿತ್ತು. ಸಿ ಕಂಪೈಲರ್ ಆಗಲೇ ಬಹುತೇಕ ಯಂತ್ರಗಳಲ್ಲಿದ್ದುದರಿಂದ ಹೊಸ ಭಾಷೆ ಸುಲಭವಾಗಿ ಎಲ್ಲೆಡೆ ಸಂಚರಿಸಬಹುದಾಗಿತ್ತು.

ಅನುವಾದದ ಬಗೆಯನ್ನು ನಮ್ಮ ವ್ಯಾಕರಣದಿಂದಲೇ ವಿವರಿಸಬಹುದು. ವಸ್ತುಭಾಷೆಯಲ್ಲಿ ನಾವು "ವೃತ್ತವೇ, ನಿನ್ನನ್ನು ನೀನು ಅಳೆದುಕೋ" ಎನ್ನುತ್ತೇವೆ. ಅನುವಾದಕ ಅದನ್ನು "ಈ ವೃತ್ತವನ್ನು ಅಳೆ" ಎಂದು ತಿರುಗಿಸುತ್ತದೆ. ಸಂಬೋಧನೆಯಲ್ಲಿದ್ದ ವೃತ್ತ ದ್ವಿತೀಯಾ ವಿಭಕ್ತಿಗೆ ಇಳಿಯಿತು! ವಸ್ತುವಿನ ದತ್ತಾಂಶವೆಲ್ಲ ಸಿ ಭಾಷೆಯ 'ಸ್ಟ್ರಕ್ಟ್' ಆಗುತ್ತದೆ. ಅದರ ಕ್ರಿಯೆಗಳು ಹೊರಗೆ ನಿಂತ ಸಾಮಾನ್ಯ ಫಂಕ್ಷನ್‌ಗಳಾಗುತ್ತವೆ. ವಸ್ತುವಿನ ವಿಳಾಸ ಅವುಗಳಿಗೆ ಗುಪ್ತವಾದ ಮೊದಲ ಆರ್ಗ್ಯುಮೆಂಟ್ ಆಗಿ ಸಲ್ಲುತ್ತದೆ. ಅದಕ್ಕೆ 'ದಿಸ್' ಎಂದು ಹೆಸರು.

ಎರಡನೆಯ ತೊಡಕು ಹೆಸರುಗಳದು. ವೃತ್ತಕ್ಕೂ ಚೌಕಕ್ಕೂ 'ಅಳೆ' ಎಂಬ ಕ್ರಿಯೆ ಇದೆ. ಸಿ ಭಾಷೆಯಲ್ಲಿಯಾದರೋ ಒಂದೇ ಹೆಸರಿನ ಎರಡು ಫಂಕ್ಷನ್‌ಗಳು ಹೀಗೆ ಇರುವಂತಿಲ್ಲ. ಒಂದೇ ತರಗತಿಯಲ್ಲಿ ಮೂವರು ಮಂಜುನಾಥರಿದ್ದರೆ ಹಾಜರಿ ಪುಸ್ತಕದಲ್ಲಿ ನಾವೇನು ಮಾಡುತ್ತೇವೆ? ಊರಿನ, ತಂದೆಯ ಹೆಸರಿನ ಮೊದಲಕ್ಷರ ಸೇರಿಸುತ್ತೇವೆ. ಸಿಫ್ರಂಟ್ ಕೂಡ ಕ್ರಿಯೆಯ ಹೆಸರಿಗೆ ವರ್ಗದ ಹೆಸರನ್ನೂ ಆರ್ಗ್ಯುಮೆಂಟ್‌ಗಳ ಜಾತಿಯನ್ನೂ ಹೊಲಿದು ಉದ್ದನೆಯ ಹೊಸ ಹೆಸರು ಕಟ್ಟುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಕೈಯಲ್ಲಿರುವುದು 'ಯಾವುದೋ ಒಂದು ಆಕೃತಿ' ಎಂದಷ್ಟೇ ಗೊತ್ತಿದ್ದಾಗ ಯಾರ 'ಅಳೆ'ಯನ್ನು ಕರೆಯಬೇಕು? ಇದಕ್ಕಾಗಿ ಅನುವಾದಕ ಪ್ರತಿ ವರ್ಗಕ್ಕೂ ಫಂಕ್ಷನ್‌ಗಳ ವಿಳಾಸಗಳ ಒಂದು ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಆ ವರ್ಗದ ಪ್ರತಿ ವಸ್ತುವಿನೊಳಗೂ ಪಟ್ಟಿಯತ್ತ ಬೆರಳು ತೋರುವ ಒಂದು ಗುಪ್ತ ವಿಳಾಸವನ್ನಿಡುತ್ತದೆ. 'ಅಳೆ' ಪಟ್ಟಿಯ ಎಷ್ಟನೆಯ ಸಾಲಿನಲ್ಲಿದೆ ಎಂಬುದು ಎಲ್ಲ ಆಕೃತಿಗಳಿಗೂ ಒಂದೇ. ವಸ್ತುವಿನಿಂದ ಪಟ್ಟಿಗೆ, ಪಟ್ಟಿಯಿಂದ ಫಂಕ್ಷನ್‌ಗೆ: ಕರೆಯ ಹೆಚ್ಚುವರಿ ವೆಚ್ಚ ಇಷ್ಟೇ. ವರ್ಗದಲ್ಲಿ ಇಂತಹ 'ವರ್ಚುಯಲ್' ಕ್ರಿಯೆ ಇಲ್ಲದಿದ್ದರೆ ಪಟ್ಟಿಯೂ ಇಲ್ಲ, ಗುಪ್ತ ವಿಳಾಸವೂ ಇಲ್ಲ. ಬಳಸದ ಸೌಲಭ್ಯಕ್ಕೆ ಬೆಲೆ ತೆರಬೇಕಾಗಿಲ್ಲ ಎಂಬ ಸ್ಟ್ರೌಸ್ಟ್ರಪ್ ಅವರ ನಿಯಮ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸಿಫ್ರಂಟ್ ಕೇವಲ ಪದ ಬದಲಿಸುವ ಯಂತ್ರವೆಂದು ಹಲವರು ಭಾವಿಸಿದ್ದುಂಟು. ಅದು ಸರಿಯಲ್ಲ. ಅದು ಕಾರ್ಯಕ್ರಮವನ್ನು ಪೂರ್ತಿಯಾಗಿ ಓದಿ, ವ್ಯಾಕರಣವನ್ನೂ ಅರ್ಥವನ್ನೂ ಪರೀಕ್ಷಿಸಿ, ತಪ್ಪುಗಳನ್ನು ತಾನೇ ಹೇಳುತ್ತಿತ್ತು. ಪದಕ್ಕೆ ಪದವಿಟ್ಟು ಭಾಷಾಂತರಿಸುವವನಿಗೂ ಅರ್ಥ ತಿಳಿದು ಭಾಷಾಂತರಿಸುವವನಿಗೂ ಇರುವ ಅಂತರವಿದು.

ಆದರೆ ಸಿ ಭಾಷೆಯ ಮೂಲಕ ಸಾಗುವ ದಾರಿಗೂ ಮಿತಿಯಿತ್ತು. 1987ರಲ್ಲಿ ಮೈಕೆಲ್ ಟೀಮನ್ ಬರೆದ ಗ್ನೂ ಕಂಪೈಲರ್ ಸಿ ಭಾಷೆಯ ನೆರವಿಲ್ಲದೆ ಯಂತ್ರಸಂಕೇತವನ್ನು ನೀಡತೊಡಗಿತು. 'ಎಕ್ಸೆಪ್ಷನ್' ಎಂಬ ಹೊಸ ಸೌಲಭ್ಯವನ್ನು ಅಳವಡಿಸುವ ಯತ್ನ ಫಲಿಸದೆ 1993ರಲ್ಲಿ ಸಿಫ್ರಂಟ್‌ನ ನಾಲ್ಕನೆಯ ಆವೃತ್ತಿಯನ್ನು ಕೈಬಿಡಲಾಯಿತು. ಆದರೂ ಗುಪ್ತ ವಿಳಾಸ, ಹೊಲಿದ ಹೆಸರು, ವಿಳಾಸಪಟ್ಟಿ, ಈ ಮೂರೂ ಇಂದಿನ ಸಿ ಪ್ಲಸ್ ಪ್ಲಸ್ ಕಂಪೈಲರ್‌ಗಳಲ್ಲಿ ಉಳಿದಿವೆ.

ಎಂಜಿನಿಯರಿಂಗ್ ಓದುತ್ತಿರುವ ಕಿರಿಯ ಓದುಗರಿಗೆ ನನ್ನದೊಂದು ಮನೆಪಾಠ. ವೃತ್ತ, ಚೌಕ ಎಂಬೆರಡು ವರ್ಗಗಳನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯಿರಿ. ಅನಂತರ ಅನುವಾದಕನ ಸ್ಥಾನದಲ್ಲಿ ನೀವೇ ಕುಳಿತು, ಸ್ಟ್ರಕ್ಟ್ ಮತ್ತು ಫಂಕ್ಷನ್ ವಿಳಾಸಗಳಿಂದ ಅದನ್ನೇ ಸಿ ಭಾಷೆಯಲ್ಲಿ ಬರೆಯಿರಿ. ಹತ್ತು ಉಪನ್ಯಾಸ ಕೇಳಿದರೂ ದಕ್ಕದ ತಿಳಿವು ಒಂದು ಸಂಜೆಯಲ್ಲಿ ದಕ್ಕೀತು.