ಹಸಿಮಣ್ಣಿನ ಗೋದಲಿ: ಮನೆಯ ಕ್ರಿಸ್ಮಸ್ ಅಲಂಕಾರದ ಇತಿಹಾಸದಿಂದ ಒಂದು ಅಧ್ಯಾಯ

ಡಿಸೆಂಬರ್ ಸಮೀಪಿಸಿದಂತೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಗೋದಲಿ ಸ್ಪರ್ಧೆಯ ಪ್ರಕಟಣೆ ಹೊರಡುತ್ತದೆ. ತೀರ್ಪುಗಾರರು ಮನೆಮನೆಗೆ ಹೋಗುತ್ತಾರೆ. ಹರಿಯುವ ನೀರು, ತಿರುಗುವ ಗಿರಣಿ, ಮಿನುಗುವ ವಿದ್ಯುದ್ದೀಪಗಳಿರುವ ಗೋದಲಿಗೆ ಬಹುಮಾನ ದೊರೆಯುತ್ತದೆ. ಹೆಸರು ಕೊಡದೆ ಉಳಿದ ಮನೆಗಳ ವಿಷಯವನ್ನು ಯಾರೂ ವಿಚಾರಿಸುವುದಿಲ್ಲ. ಮನೆಯ ಗೋದಲಿಯೆಂದರೆ ದೇವಾಲಯದ ಗೋದಲಿಯ ಕಿರುನಕಲು, ಹಣವಿದ್ದಷ್ಟು ಅದು ಚೆಂದ ಎಂಬ ಎಣಿಕೆ ಈ ಪದ್ಧತಿಯ ಹಿಂದಿದೆ. ಗೋದಲಿಯ ಇತಿಹಾಸವನ್ನು ಬಲ್ಲವರು ಈ ಎಣಿಕೆಯನ್ನು ಒಪ್ಪುವುದು ಕಷ್ಟ.

1223ರಲ್ಲಿ ಸಂತ ಫ್ರಾನ್ಸಿಸರು ಗ್ರೆಚ್ಚೊದಲ್ಲಿ ಏರ್ಪಡಿಸಿದ ಕ್ರಿಸ್ತಜಯಂತಿಯಿಂದಲೇ ನಾವು ಸಾಮಾನ್ಯವಾಗಿ ಕಥೆಯನ್ನು ಆರಂಭಿಸುತ್ತೇವೆ. ಆ ರಾತ್ರಿ ಅಲ್ಲಿದ್ದ ಸಾಮಗ್ರಿ ಅತ್ಯಲ್ಪ: ಚೆಲಾನೊದ ಥೋಮಸರು ಬರೆದ ಚರಿತ್ರೆಯಲ್ಲಿ ಕಾಣುವುದು ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಪ್ರತಿಮೆಗಳ ಸಾಲು ಅಲ್ಲಿರಲಿಲ್ಲ. ಗೋದಲಿಯ ಬಳಿಯಲ್ಲೇ ಬಲಿಪೂಜೆ ನಡೆಯಿತು. ಇಷ್ಟು ಬಡತನದಲ್ಲಿ ಹುಟ್ಟಿದ ಭಕ್ತಿ ಮುಂದಿನ ಶತಮಾನಗಳಲ್ಲಿ ಶ್ರೀಮಂತವಾಯಿತು. ನೇಪಲ್ಸಿನ ಅರಮನೆಗಳಲ್ಲಿ ರೇಷ್ಮೆಯುಡುಗೆಯ ಪ್ರತಿಮೆಗಳು, ಮಧ್ಯ ಯೂರೋಪಿನ ದೇವಾಲಯಗಳಲ್ಲಿ ರಂಗಸಜ್ಜಿಕೆಯಂಥ ಗೋದಲಿಗಳು ಬಂದವು. ಸಾಮಾನ್ಯ ಕುಟುಂಬ ಅದನ್ನು ನೋಡಲು ದೇವಾಲಯಕ್ಕೆ ಹೋಗಬೇಕಿತ್ತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಎರಡು ಅಧಿಕಾರಗಳು, ಬೇರೆಬೇರೆ ಕಾರಣಗಳಿಗಾಗಿ, ಆ ದಾರಿಯನ್ನು ಮುಚ್ಚಿದವು. ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫ್, ಆರಾಧನೆಯು ಸರಳವೂ ವಿವೇಕಸಮ್ಮತವೂ ಆಗಿರಬೇಕೆಂಬ ಹಂಬಲದಿಂದ, 1780ರ ದಶಕದಲ್ಲಿ ದೇವಾಲಯಗಳಿಂದ ಗೋದಲಿಗಳನ್ನು ತೆಗೆಸಿದನು. ಟಿರೋಲ್ ಪ್ರಾಂತ್ಯದ ರೈತರು ಅವನ್ನು ತಮ್ಮ ಮನೆಗಳಿಗೆ ಬರಮಾಡಿಕೊಂಡರು. ಚಳಿಗಾಲದ ಬಿಡುವಿನಲ್ಲಿ ಮರ ಕೆತ್ತಬಲ್ಲವರು ಕೆತ್ತಿದರು. ಆಗದವರು ಕಾಗದದ ಮೇಲೆ, ರಟ್ಟಿನ ಮೇಲೆ ಆಕೃತಿಗಳನ್ನು ಬರೆದು ಬಣ್ಣ ಬಳಿದು ಕತ್ತರಿಸಿ ನಿಲ್ಲಿಸಿದರು. ಕಾಗದದ ಗೋದಲಿ ಬೊಹೆಮಿಯ ಮತ್ತು ಮೊರಾವಿಯದ ಬಡ ಮನೆಗಳಲ್ಲಿಯೂ ನೆಲೆಯೂರಿತು. ನಿಷೇಧಿಸಿದವನ ಉದ್ದೇಶಕ್ಕೆ ಇದು ತೀರ ವಿರುದ್ಧವಾದ ಫಲವೆಂದು ಬೇರೆ ಹೇಳಬೇಕಿಲ್ಲ.

ಫ್ರಾನ್ಸಿನ ಪ್ರಾವೆನ್ಸ್ ಪ್ರಾಂತ್ಯದ ಪ್ರಸಂಗ ಇನ್ನೂ ಗಮನಾರ್ಹವಾದುದು. ಕ್ರಾಂತಿಯ ಉಗ್ರಕಾಲವಾದ 1793-94ರಲ್ಲಿ ದೇವಾಲಯಗಳು ಮುಚ್ಚಿದವು, ನಡುರಾತ್ರಿಯ ಬಲಿಪೂಜೆ ನಿಂತಿತು. ಮನೆಯ ಗೋದಲಿಯನ್ನು ಕ್ರಾಂತಿಯೇ ಸೃಷ್ಟಿಸಿತೆಂದು ಕೆಲವರು ಹೇಳುವುದುಂಟು. ಅದು ಅತ್ಯುಕ್ತಿ, ಏಕೆಂದರೆ ಉಳ್ಳವರ ಮನೆಗಳಲ್ಲಿ ಅದು ಮೊದಲೇ ಇತ್ತು. ಕ್ರಾಂತಿಯ ಕಾಲದಲ್ಲಿ ಬದಲಾದದ್ದು ಬೆಲೆ. ಮಾರ್ಸೇ ನಗರದ ಜ್ಯಾಂ-ಲೂಯಿ ಲಾನ್ಯೆಲ್ (1764-1822) ಎಂಬ ಶಿಲ್ಪಿ ಪ್ಲಾಸ್ಟರಿನ ಅಚ್ಚುಗಳನ್ನು ಮಾಡಿ, ಅವುಗಳಲ್ಲಿ ಜೇಡಿಮಣ್ಣನ್ನು ಒತ್ತಿ ತೆಗೆದು, ಸುಡದೆ ಒಣಗಿಸಿ, ಬಣ್ಣ ಹಚ್ಚಿದ ಪುಟ್ಟ ಬೊಂಬೆಗಳನ್ನು ಮಾರಿದನು. ಒಂದೇ ಅಚ್ಚಿನಿಂದ ಎಷ್ಟೋ ಬೊಂಬೆಗಳು ಬರುತ್ತಿದ್ದುದರಿಂದ ಬೆಲೆ ಇಳಿಯಿತು. ಕೂಲಿಯವನ ಸಂಸಾರವೂ ವರ್ಷಕ್ಕೆ ಒಂದೆರಡನ್ನು ಕೊಂಡು ತನ್ನ ಗೋದಲಿಯನ್ನು ಬೆಳೆಸಬಹುದಾಯಿತು. ಇವುಗಳಿಗೆ ‘ಸಾಂತೋನ್’, ಅಂದರೆ ‘ಪುಟ್ಟ ಸಂತ’ ಎಂದು ಹೆಸರು. ಮಾರ್ಸೇಯಲ್ಲಿ 1803ರಲ್ಲಿ ಆರಂಭವಾದ ಇವುಗಳ ಜಾತ್ರೆ ಇಂದಿಗೂ ನಡೆಯುತ್ತಿದೆ.

ಈ ಪುಟ್ಟ ಸಂತರು ಯಾರು? ತಿರುಕುಟುಂಬ, ಕುರುಬರು, ಜ್ಞಾನಿಗಳ ಜೊತೆಗೆ ಮೀನು ಮಾರುವವಳು, ಚೂರಿ ಸಾಣೆ ಹಿಡಿಯುವವನು, ಅಗಸಗಿತ್ತಿ, ಮಗನ ಹೆಗಲ ಮೇಲೆ ಕೈಯಿಟ್ಟು ನಡೆಯುವ ಕುರುಡ, ಎರಡೂ ಕೈ ಮೇಲೆತ್ತಿ ಬೆರಗಾಗಿ ನಿಂತ ಊರಿನ ಪೆದ್ದ. ಬೆಥ್ಲೆಹೇಮಿನಲ್ಲಿ ಪ್ರಾವೆನ್ಸಿನ ಮೀನುಗಾರ್ತಿಗೇನು ಕೆಲಸವೆಂದು ಚರಿತ್ರೆಯ ವಿದ್ಯಾರ್ಥಿ ಕೇಳಬಹುದು. ಕ್ರಿಸ್ತಜಯಂತಿಯ ದೈವಾರಾಧನೆಯಲ್ಲಿ ಮತ್ತೆ ಮತ್ತೆ ಬರುವ ‘ಇಂದು’ ಎಂಬ ಪದವನ್ನು (ಲೂಕ 2:11) ನಾವು ತರಗತಿಯಲ್ಲಿ ಎಷ್ಟು ಗಂಟೆ ವಿವರಿಸುತ್ತೇವೆ! ಮಣ್ಣಿನ ಅಗಸಗಿತ್ತಿ ತನ್ನ ಬಟ್ಟೆಯ ಗಂಟನ್ನು ಹೊತ್ತು ಗೋದಲಿಯ ಮುಂದೆ ನಿಂತಾಗ ಆ ಪದದ ಅರ್ಥ ಯಾವ ವ್ಯಾಖ್ಯಾನವೂ ಇಲ್ಲದೆ ತಿಳಿಯುತ್ತದೆ.

ಅದೇ ನಾಡಿನ ಇನ್ನೊಂದು ರೂಢಿಗೆ ಖರ್ಚೇ ಇಲ್ಲ. ಡಿಸೆಂಬರ್ 4ರಂದು, ಸಂತ ಬಾರ್ಬರಾಳ ಹಬ್ಬದ ದಿನ, ಮೂರು ಬಟ್ಟಲುಗಳಲ್ಲಿ ಗೋಧಿಯನ್ನೋ ಬೇಳೆಕಾಳನ್ನೋ ನೆನೆಯಿಟ್ಟು ಮೊಳೆಯಿಸುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಆ ಹಸಿರು ಹಬ್ಬದ ಮೇಜಿನ ನಡುವೆ ನಿಲ್ಲುತ್ತದೆ. ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಗೋದಲಿಯ ಹುಲ್ಲಿಗೆಂದು ಭತ್ತವನ್ನೋ ರಾಗಿಯನ್ನೋ ಮೊಳೆಯಿಸುವುದನ್ನು ಓದುಗರು ಬಲ್ಲರು. ಒಂದರಿಂದ ಇನ್ನೊಂದು ಬಂತೆಂದು ನಾವು ಹೇಳುತ್ತಿಲ್ಲ. ಕೃಷಿಕನ ಮನೆಯಲ್ಲಿ ಕೈಗೆ ಮೊದಲು ಸಿಗುವುದು ಕಾಳು, ಅಷ್ಟೆ.

ಆಗಮನಕಾಲದ ಮೊಂಬತ್ತಿ ಮಾಲೆಯ ಹುಟ್ಟು ಪ್ರೊಟೆಸ್ಟೆಂಟ್ ಅಂಗಳದಲ್ಲಿ. ಯೋಹಾನ್ ಹಿನ್ರಿಕ್ ವಿಖೆರ್ನ್ ಎಂಬ ಲುಥೆರನ್ ದೈವಶಾಸ್ತ್ರಜ್ಞನು ಹ್ಯಾಂಬರ್ಗ್ ನಗರದ ನಿರ್ಗತಿಕ ಮಕ್ಕಳಿಗಾಗಿ 1833ರಲ್ಲಿ ‘ರೌಹೆಸ್ ಹೌಸ್’ ಎಂಬ ಆಶ್ರಮವನ್ನು ತೆರೆದನು. ಕ್ರಿಸ್ಮಸ್ ಎಂದು ಬರುತ್ತದೆಂದು ಮಕ್ಕಳು ದಿನವೂ ಕೇಳುತ್ತಿದ್ದರಂತೆ. 1839ರಲ್ಲಿ ಅವನು ಮರದ ಗಾಲಿಯೊಂದರ ಮೇಲೆ ಭಾನುವಾರಗಳಿಗೆ 4 ದೊಡ್ಡ ಬಿಳಿಯ ಮೊಂಬತ್ತಿಗಳನ್ನೂ ಉಳಿದ ದಿನಗಳಿಗೆ 20 ಚಿಕ್ಕ ಕೆಂಪು ಮೊಂಬತ್ತಿಗಳನ್ನೂ ನಿಲ್ಲಿಸಿದನು. ಆ ವರ್ಷ ಆಗಮನಕಾಲ ಆರಂಭವಾದದ್ದು ಡಿಸೆಂಬರ್ 1ರಂದು. ಲೆಕ್ಕ ಸರಿಯಾಗಿ ಕೂಡುತ್ತದೆ. ಎಲೆಹಸಿರು ಬಂದದ್ದು ಎರಡು ದಶಕಗಳ ನಂತರ. ಮನೆಗಳಿಗೆ ಹಬ್ಬಿದಾಗ ಅದು ನಾಲ್ಕೇ ಮೊಂಬತ್ತಿಗಳಿಗೆ ಇಳಿಯಿತು. ಕಥೋಲಿಕ ದೇವಾಲಯವೊಂದರಲ್ಲಿ ಅದು ಮೊದಲು ಕಾಣಿಸಿಕೊಂಡದ್ದು 1925ರಲ್ಲಿ, ಕೊಲೋನ್ ನಗರದಲ್ಲಿ. ಇಂದು ಅದನ್ನು ಪುರಾತನ ದೈವಾರಾಧನಾ ಚಿಹ್ನೆಯೆಂದು ಬೋಧಿಸುವವರು ಅನಾಥಾಶ್ರಮದ ಆ ಗಾಲಿಯನ್ನು ನೆನೆಯಬೇಕು. ಇಲ್ಲಿ ದೇವಾಲಯವು ಮನೆಯಿಂದ ಕಲಿತಿದೆ, ಅದೂ ಅನ್ಯ ಸಭೆಯ ಮನೆಯಿಂದ.

2001ರಲ್ಲಿ ವ್ಯಾಟಿಕನ್ ಹೊರತಂದ, ಜನಭಕ್ತಿ ಮತ್ತು ದೈವಾರಾಧನೆ ಕುರಿತ ಮಾರ್ಗದರ್ಶಿಯು ಮನೆಗಳ ಮಾಲೆಯನ್ನೂ ಗೋದಲಿಯನ್ನೂ ಹೆಸರಿಸಿ ಮನ್ನಣೆ ನೀಡಿದೆ. 2019ರ ಡಿಸೆಂಬರ್ 1ರಂದು ಜಗದ್ಗುರು ಫ್ರಾನ್ಸಿಸರು ಗ್ರೆಚ್ಚೊದಲ್ಲಿಯೇ ಸಹಿ ಮಾಡಿದ ಪ್ರೇಷಿತ ಪತ್ರವೂ ಕುಟುಂಬಗಳ ಈ ರೂಢಿಯನ್ನು ಪ್ರೋತ್ಸಾಹಿಸುತ್ತದೆ. ಎರಡರಲ್ಲೂ ಸ್ಪರ್ಧೆಯ ಸೂಚನೆಯಿಲ್ಲ.

ಸ್ಪರ್ಧೆಯ ಬದಲಿಗೆ ಏನು ಮಾಡಬಹುದೆಂದು ಕೇಳುವ ಯುವ ಗುರುಗಳಿಗೆ ರೋಮಿನಲ್ಲಿ ಒಂದು ಮೇಲ್ಪಂಕ್ತಿಯಿದೆ. ಜಗದ್ಗುರು ಆರನೆಯ ಪೌಲರ ಕಾಲದಿಂದ, ಆಗಮನಕಾಲದ ಮೂರನೆಯ ಭಾನುವಾರ, ಮಕ್ಕಳು ತಮ್ಮ ಮನೆಯ ಗೋದಲಿಯ ಬಾಲಯೇಸುವನ್ನು ಮಾತ್ರ ಹಿಡಿದು ಸಂತ ಪೇತ್ರರ ಚೌಕಕ್ಕೆ ಬರುತ್ತಾರೆ. ಕೆಲವರ ಕೈಯಲ್ಲಿ ಪಿಂಗಾಣಿ, ಕೆಲವರ ಕೈಯಲ್ಲಿ ಮಣ್ಣು ಅಥವಾ ಪ್ಲಾಸ್ಟಿಕ್. ಜಗದ್ಗುರುಗಳು ಎಲ್ಲವನ್ನೂ ಒಟ್ಟಿಗೆ ಆಶೀರ್ವದಿಸುತ್ತಾರೆ, ಮಕ್ಕಳು ಅದನ್ನು ಮತ್ತೆ ಮನೆಗೆ ಒಯ್ಯುತ್ತಾರೆ.