ಬಾಡಿಗೆ ಹಣದಲ್ಲೇ ಮನೆ ಸಾಲದ ಕಂತು ತೀರುತ್ತದೆಯೇ? ಲೆಕ್ಕ ಹಾಕಿ ನೋಡೋಣ

"ಒಂದು ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಡಿ, ಕಂತು ತಾನಾಗಿಯೇ ತೀರುತ್ತೆ." ಬೆಂಗಳೂರಿನಲ್ಲಿ ಈ ಸಲಹೆ ಕೇಳದವರು ಕಡಿಮೆ. ನಿವೃತ್ತಿಯ ನಂತರ ಬಾಡಿಗೆಯೇ ಪಿಂಚಣಿ ಎಂದು ನಂಬಿ ಉಳಿತಾಯವನ್ನೆಲ್ಲ ಇದಕ್ಕೇ ಸುರಿಯುವ ಕುಟುಂಬಗಳೂ ಇವೆ. ಈ ಮಾತು ಎಷ್ಟು ನಿಜ? ಒಂದು ಉದಾಹರಣೆ ಹಿಡಿದು ಪರಿಶೀಲಿಸೋಣ. ಇಲ್ಲಿನ ಬೆಲೆ, ಬಾಡಿಗೆ ಮತ್ತು ಖರ್ಚುಗಳು ನಾವು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ.

ಕೊಳ್ಳುವಾಗಿನ ಖರ್ಚು

1,100 ಚದರ ಅಡಿಯ ಫ್ಲ್ಯಾಟ್, ಬೆಲೆ 80 ಲಕ್ಷ ರೂಪಾಯಿ ಎಂದುಕೊಳ್ಳೋಣ. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಹೆಚ್ಚಿನ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ನಗರದಲ್ಲಿ ಸೆಸ್, ಸರ್ಚಾರ್ಜ್ ಸೇರಿದರೆ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 6.08 ಲಕ್ಷ. ಹಾಗಾಗಿ ನಿಜವಾದ ಹೂಡಿಕೆ 86 ಲಕ್ಷಕ್ಕೂ ಹೆಚ್ಚು.

ವರ್ಷದ ಆದಾಯ, ಖರ್ಚು

ಮೇಂಟೆನೆನ್ಸ್ ಸೇರಿ ತಿಂಗಳಿಗೆ 25,000 ರೂ. ಬಾಡಿಗೆ ಎಂದರೆ ವರ್ಷಕ್ಕೆ 3 ಲಕ್ಷ. ಎರಡು ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾಗಿ, ಪ್ರತಿ ಬಾರಿ ಎರಡು ತಿಂಗಳು ಮನೆ ಖಾಲಿ ಇರುತ್ತದೆ ಎಂದುಕೊಂಡರೆ ವರ್ಷದ ಸರಾಸರಿ ಹೀಗಾಗುತ್ತದೆ:

- ಮನೆ ಖಾಲಿ ಇದ್ದ ನಷ್ಟ: 25,000 ರೂ.
- ಅಪಾರ್ಟ್‌ಮೆಂಟ್ ಸಂಘದ ಮೇಂಟೆನೆನ್ಸ್, ಚದರ ಅಡಿಗೆ 3 ರೂ.ನಂತೆ: 39,600 ರೂ. (ಮನೆ ಖಾಲಿ ಇದ್ದರೂ ಕಟ್ಟಲೇಬೇಕು)
- ಗೀಸರ್, ನಲ್ಲಿ, ನೀರಿನ ಸೋರಿಕೆ ಇತ್ಯಾದಿ ರಿಪೇರಿ: 25,000 ರೂ.
- ಬ್ರೋಕರ್‌ಗೆ ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ಬಾಡಿಗೆ: 12,500 ರೂ.
- ಆಸ್ತಿ ತೆರಿಗೆ: 8,000 ರೂ.

ಬೆಂಗಳೂರಿನಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆ ಮನೆಗೆ ಆಸ್ತಿ ತೆರಿಗೆಯ ಚದರ ಅಡಿ ದರ ದುಪ್ಪಟ್ಟು. ಪಕ್ಕದ ಮನೆಯವರು ಕಟ್ಟುವ ತೆರಿಗೆ ನೋಡಿ ಅಂದಾಜು ಮಾಡಿದರೆ ಲೆಕ್ಕ ತಪ್ಪುತ್ತದೆ.

ಎಲ್ಲ ಕಳೆದು ಉಳಿಯುವುದು 1,89,900 ರೂ. ಬ್ರೋಕರ್ ಹೇಳುವ ಲೆಕ್ಕದಲ್ಲಿ (3 ಲಕ್ಷ ಭಾಗಿಸು 80 ಲಕ್ಷ) ಆದಾಯ ಶೇ. 3.75. ಕೈಗೆ ಸಿಗುವ ಲೆಕ್ಕದಲ್ಲಿ ಅದು ಸುಮಾರು ಶೇ. 2.2 ಮಾತ್ರ.

ಕಂತು ತೀರುತ್ತದೆಯೇ?

60 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 52,070 ರೂ. ಬಾಡಿಗೆ 25,000 ಬರುವುದರಿಂದ ಕೈಯಿಂದ ಹಾಕಬೇಕಾದದ್ದು 27,000 ಎಂದು ಹೆಚ್ಚಿನವರು ಭಾವಿಸುತ್ತಾರೆ. ಖರ್ಚುಗಳನ್ನು ಸೇರಿಸಿದರೆ ಅದು ತಿಂಗಳಿಗೆ 36,000 ದಾಟುತ್ತದೆ. ಮೊದಲ ವರ್ಷ ಕಟ್ಟುವ ಸುಮಾರು 6.25 ಲಕ್ಷದ ಕಂತಿನಲ್ಲಿ 5 ಲಕ್ಷಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ. ಅಸಲು ಇಳಿಯುವುದು 1.2 ಲಕ್ಷದಷ್ಟು.

ಅಡ್ವಾನ್ಸ್ ಆದಾಯವಲ್ಲ

ಬಾಡಿಗೆದಾರರು ಕೊಡುವ ಅಡ್ವಾನ್ಸ್ ಖಾಲಿ ಮಾಡುವಾಗ ಹಿಂದಿರುಗಿಸಬೇಕಾದ ಹಣ, ಅಂದರೆ ನಿಮ್ಮ ಮೇಲಿನ ಸಾಲ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಇದೆ, ಉಳಿದದ್ದು ಅವರದ್ದೇ. ಅದನ್ನು ಖರ್ಚು ಮಾಡಿಕೊಂಡ ಮಾಲೀಕರು ಹೊಸ ಬಾಡಿಗೆದಾರರು ಸಿಗುವ ತನಕ ಹಳಬರನ್ನು ಅಲೆದಾಡಿಸುವುದು ಈ ತಪ್ಪು ಲೆಕ್ಕದಿಂದಲೇ. ಇದರ ಪೆಟ್ಟು ಬೀಳುವುದು ಬಾಡಿಗೆದಾರರಿಗೆ.

ತೆರಿಗೆಯಲ್ಲಿ ಉಳಿತಾಯವಾಗುವುದಿಲ್ಲವೇ?

ಸ್ವಲ್ಪ ಮಟ್ಟಿಗೆ. ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದ ಮೇಲೆ ಶೇ. 30ರಷ್ಟು ವಿನಾಯಿತಿ ಸಿಗುತ್ತದೆ. ರಿಪೇರಿಗೆ ನೀವು ಎಷ್ಟೇ ಖರ್ಚು ಮಾಡಿದ್ದರೂ ಇದು ಬದಲಾಗದು. ಸಾಲದ ಬಡ್ಡಿಯನ್ನೂ ಕಳೆಯಬಹುದು. ಹೀಗೆ ಕಳೆದು ನಷ್ಟ ಬಂದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಅದನ್ನು ಸಂಬಳದ ಆದಾಯದಿಂದ ಕಳೆಯಲು ಅವಕಾಶವಿದೆ. ಹೊಸ ಪದ್ಧತಿಯಲ್ಲಿ ಆ ಅವಕಾಶವಿಲ್ಲ.

ಹಾಗಾದರೆ ಕೊಳ್ಳಲೇಬಾರದೇ?

ಹಾಗೇನಿಲ್ಲ. ಆಸ್ತಿಯ ಬೆಲೆ ಏರಬಹುದು, ಬಾಡಿಗೆಯೂ ಏರುತ್ತಾ ಹೋಗಬಹುದು. ಆದರೆ ಬೆಲೆ ಏರಿಕೆ ಕೈಗೆ ಬರುವುದು ಮಾರಿದಾಗ. ಕಂತು ಕಟ್ಟಬೇಕಾದದ್ದು ಪ್ರತಿ ತಿಂಗಳು. ಎರಡನ್ನೂ ಒಂದೇ ಲೆಕ್ಕದಲ್ಲಿ ಬೆರೆಸಬೇಡಿ.

ಅಡ್ವಾನ್ಸ್ ಕೊಟ್ಟು ಕರಾರಿಗೆ ಸಹಿ ಹಾಕುವ ಮುನ್ನ ಮೂರು ಕೆಲಸ ಮಾಡಿ. ಅದೇ ಕಟ್ಟಡದಲ್ಲಿ ಬಾಡಿಗೆಗೆ ಇರುವವರನ್ನೇ ಕೇಳಿ ಬಾಡಿಗೆ ಎಷ್ಟೆಂದು ತಿಳಿಯಿರಿ. ಸಂಘದಿಂದ ಮೇಂಟೆನೆನ್ಸ್ ದರ ಮತ್ತು ಬಾಕಿಯ ವಿವರ ಪಡೆಯಿರಿ. ನಂತರ ಸತತ ಮೂರು ತಿಂಗಳು ಮನೆ ಖಾಲಿ ಇದ್ದರೂ ಕಂತು ಕಟ್ಟಬಲ್ಲಿರಾ ಎಂದು ಲೆಕ್ಕ ಹಾಕಿ. ಆಗುವುದಿಲ್ಲ ಎಂದಾದರೆ ಸಾಲದ ಮೊತ್ತ ಇಳಿಸಿ, ಇಲ್ಲವೇ ಇನ್ನಷ್ಟು ಉಳಿತಾಯವಾಗುವ ತನಕ ಕಾಯಿರಿ.