ಮನೆ ಸಾಲದ ಬಡ್ಡಿ ಸಹಾಯಧನ: ಮುಂಗಡ ಹಣ ಕೈಯಲ್ಲೇ ಇರಲಿ

ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರ ಅಡಿಯಲ್ಲಿ, ವಾರ್ಷಿಕ ಆದಾಯ 9 ಲಕ್ಷ ರೂ. ಮೀರದ, ದೇಶದಲ್ಲಿ ಎಲ್ಲಿಯೂ ಸ್ವಂತ ಪಕ್ಕಾ ಮನೆ ಇಲ್ಲದ ನಗರವಾಸಿ ಕುಟುಂಬಗಳಿಗೆ ಗೃಹಸಾಲದ ಬಡ್ಡಿಗೆ ಸಹಾಯಧನ ಸಿಗುತ್ತದೆ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ರೂ. ಮೀರಬಾರದು. ಗರಿಷ್ಠ 1.80 ಲಕ್ಷ ರೂ. ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮೆಯಾಗುತ್ತದೆ, ಕೈಗೆ ಬರುವುದಿಲ್ಲ.

ಆದ್ದರಿಂದ ಇದನ್ನೇ ನಂಬಿ ಮುಂಗಡ ಕೊಡುವುದು ಸರಿಯಲ್ಲ. 30 ಲಕ್ಷದವರೆಗಿನ ಸಾಲದಲ್ಲಿ ಬ್ಯಾಂಕು ಮನೆ ಬೆಲೆಯ ಶೇ. 90ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಬೆಲೆ 10 ಲಕ್ಷ ಮೀರಿದರೆ ಮುದ್ರಾಂಕ ಮತ್ತು ನೋಂದಣಿ ಶುಲ್ಕ ಆ ಲೆಕ್ಕಕ್ಕೆ ಸೇರದು. 25 ಲಕ್ಷದ ಮನೆಗೆ ಕನಿಷ್ಠ 2.5 ಲಕ್ಷ ರೂ., ಅದರ ಮೇಲೆ ಈ ಶುಲ್ಕಗಳು ಸ್ವಂತ ಹಣದಿಂದಲೇ ಆಗಬೇಕು. ಕರಾರಿಗೆ ಸಹಿ ಹಾಕುವ ಮೊದಲೇ ಮನೆಯವರೆಲ್ಲ ಕುಳಿತು ಈ ಲೆಕ್ಕ ನೋಡಿಕೊಳ್ಳುವುದು ಕ್ಷೇಮ.